ಎಂಟು ಮಿಲಿಲೀಟರ್ ಕಡಿಮೆ

ಬುಧವಾರ, ತಾರೀಖು ಹದಿನಾಲ್ಕು
ಅಡುಗೆಮನೆಯ ಮೇಜಿನಿಂದ, ಸಂಜೆ ಐದೂಮುಕ್ಕಾಲು

ಪ್ರೀತಿಯ ಕತ್ತರಿಗೆ,

ಈ ಹೆಸರಿನಿಂದ ನಿನ್ನನ್ನು ಕರೆದು ಬಹಳ ಕಾಲವಾಯಿತು. ಎಷ್ಟು ಕಾಲವೆಂದು ನಾನು ಲೆಕ್ಕ ಹಾಕಿಲ್ಲವೆಂದರೆ ನೀನು ನಂಬುವುದಿಲ್ಲ. ಆದ್ದರಿಂದ ಆ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ನಿನ್ನ ಕಾರ್ಡು ಕಳೆದ ಮಂಗಳವಾರ ಕೈಸೇರಿತು. ನೀನು ನಿನ್ನ ಅಕ್ಕನ ಮನೆಗೆ ಹೋದ ಏಳು ತಿಂಗಳಲ್ಲಿ ಬಂದ ಮೊದಲ ಕಾರ್ಡು. ಅದರಲ್ಲಿ ಐದು ವಾಕ್ಯಗಳಿದ್ದವು. ನೀನು ಚೆನ್ನಾಗಿದ್ದೀಯೆ ಎಂಬುದು ಮೊದಲನೆಯದು. ಹದಿನೇಳನೆಯ ತಾರೀಖು ಶನಿವಾರ ಸಂಜೆ ರಂಗಮಂದಿರದ ಉಡುಪಿನ ಕೋಣೆಯಲ್ಲಿ ನಿನಗೆ ಬೀಳ್ಕೊಡುಗೆ ಎಂಬುದು ಎರಡನೆಯದು. ಸೋಮವಾರದಿಂದ ಕತ್ತರಿ ಕೆಳಗಿಟ್ಟು ಯಾವುದೋ ಸಿದ್ಧ ಉಡುಪಿನ ಮಳಿಗೆಯ ಉಗ್ರಾಣ ನೋಡಿಕೊಳ್ಳಲಿದ್ದೀಯೆ ಎಂಬುದು ಮೂರನೆಯದು. ಎಲ್ಲರಿಗೂ ಕೊನೆಯದಾಗಿ ಒಂದು ಸಲ ನಿನ್ನ ಸ್ಟ್ರಾಬೆರಿ ಜಿನ್ ಬೇಕಂತೆ, ಆದರೆ ನಿನ್ನ ಕೈಯ ಮೇಲೆ ನಿನಗೇ ನಂಬಿಕೆ ಹೋಗಿದೆ ಎಂಬುದು ನಾಲ್ಕನೆಯದು. 'ನೀವು ಎಲ್ಲಾದರೂ ಅಳತೆ ಬರೆದಿಟ್ಟೇ ಇರ್ತೀರಿ, ಕಳಿಸಿ' ಎಂಬುದು ಐದನೆಯದು.

ಐದನೆಯ ವಾಕ್ಯಕ್ಕೆ ಉತ್ತರಿಸಲೆಂದೇ ಕುಳಿತೆ. ಬರೆಯುತ್ತ ಹೋದಂತೆ ನಾಲ್ಕನೆಯದಕ್ಕೂ ಆಮೇಲೆ ಮೂರನೆಯದಕ್ಕೂ ಉತ್ತರಿಸಬೇಕಾಗಿ ಬಂದದ್ದರಿಂದ ಪತ್ರ ಉದ್ದವಾಗಿದೆ. ಕ್ಷಮಿಸು.

ನಾನು ಅಳತೆ ಬರೆದಿಟ್ಟಿಲ್ಲ. ಮದುವೆಯಾದ ಮೊದಲ ವರ್ಷ ಬರೆದುಕೊಳ್ಳಲು ಹೊರಟಿದ್ದೆ. ನೀನು ಆ ಚೀಟಿಯನ್ನು ಕಸಿದು ನಿಂಬೆಸಿಪ್ಪೆಯ ಜೊತೆ ಸುತ್ತಿ ಎಸೆದು, 'ರೀ, ನಾಲಿಗೆಗೂ ಸ್ಕೇಲು ಹಿಡೀತೀರೇನ್ರೀ?' ಎಂದು ಕೇಳಿದ್ದೆ. ಅಂದಿನಿಂದ ಈ ಮನೆಯಲ್ಲಿ ನಾನು ಅಳೆಯದೆ ಬಿಟ್ಟ ಏಕೈಕ ವಸ್ತು ಅದು. ಹೀಗಾಗಿ ನಿನ್ನ ಕಾರ್ಡು ಓದಿದ ಮೇಲೆ ನನಗಿದ್ದ ದಾರಿ ಒಂದೇ: ನೆನಪಿನಿಂದ ಮಾಡಿ ನೋಡುವುದು, ಸರಿಬರುವವರೆಗೂ ಮಾಡುವುದು. ಎಂಟು ದಿನಗಳಲ್ಲಿ ಹದಿಮೂರು ಬಾರಿ ಮಾಡಿದೆ. ಹಣ್ಣಿನಂಗಡಿಯಾಕೆ ನಾಲ್ಕನೆಯ ದಿನ, 'ಏನ್ ಸಾರ್, ದಿನಾ ದಿನಾ ಸ್ಟ್ರಾಬೆರಿ? ಮನೇಲಿ ಯಾರಾದ್ರೂ ಬಸುರಿನಾ?' ಎಂದು ಕೇಳಿದಳು. ಇಲ್ಲ, ಪ್ರಯೋಗ ನಡೆಯುತ್ತಿದೆ ಎಂದೆ. ಆಕೆಯ ಮುಖ ನೋಡಿದರೆ, ಬಸುರಿ ಎಂದಿದ್ದರೇ ಮರ್ಯಾದೆ ಉಳಿಯುತ್ತಿತ್ತು ಅನ್ನಿಸಿತು.

ನೀನು ಮಾಡುತ್ತಿದ್ದುದನ್ನು ಬಾಗಿಲಲ್ಲಿ ನಿಂತು ಇಪ್ಪತ್ತೆರಡು ವರ್ಷ ನೋಡಿದ್ದೇನೆ. ಒಂದು ಹಿಡಿ ಸ್ಟ್ರಾಬೆರಿಯನ್ನು ತೊಟ್ಟು ತೆಗೆದು ಜಾಮಿನ ದೊಡ್ಡ ಬಾಟಲಿಗೆ ಹಾಕುವುದು, ಮರದ ಸೌಟಿನ ಹಿಂಬದಿಯಿಂದ ಅದನ್ನು ಅರೆಬರೆ ಜಜ್ಜುವುದು, ಸಕ್ಕರೆ ಪಾಕ ಮೂರು ಚಮಚ, ಪುದೀನ ಐದಾರು ಎಲೆಯನ್ನು ಅಂಗೈ ಮೇಲಿಟ್ಟು ಒಮ್ಮೆ ತಟ್ಟಿ ಹಾಕುವುದು, ನಿಂಬೆರಸ ಒಂದು ಬಟ್ಟಲು, ಜಿನ್ ಮೂರು ಬಟ್ಟಲು, ಐಸು, ಮುಚ್ಚಳ, ಕುಲುಕುವುದು. ಎರಡು ಉದ್ದ ಲೋಟಗಳಿಗೆ ಸೋಸದೆ ಸುರಿದು ಮೇಲೆ ಸೋಡಾ. ಬಟ್ಟಲೆಂದರೆ ಸ್ಟೀಲಿನ ಆ ಚಿಕ್ಕ ಪೆಗ್ ಬಟ್ಟಲು, ಹೊರಮೈಯಲ್ಲಿ ಮೂವತ್ತು ಮಿಲಿಲೀಟರ್ ಎಂದು ಕೊರೆದಿರುವುದು. ಉಳಿದದ್ದೆಲ್ಲ ಕೈಯಂದಾಜು, ಆ ಬಟ್ಟಲೊಂದೇ ನಿನ್ನ ಅಡುಗೆಮನೆಯಲ್ಲಿದ್ದ ಅಳತೆ. ಇದನ್ನು ನೆನಪಿಟ್ಟುಕೋ.

ನನ್ನ ನಾಲಿಗೆಯನ್ನು ನಾನು ನಂಬುವುದಿಲ್ಲವಾದ್ದರಿಂದ ಇಬ್ಬರು ಪರೀಕ್ಷಕರನ್ನು ಕರೆದೆ. ಒಬ್ಬ ನಿನ್ನ ತಮ್ಮ ಗಡಿಬಿಡಿ. ಕರೆದೆ ಎನ್ನುವುದಕ್ಕಿಂತ ವಾಸನೆ ಹಿಡಿದು ಬಂದ ಎನ್ನುವುದು ಸರಿ. ಇನ್ನೊಬ್ಬರು ಕೆಳಮನೆಯ ಹಲ್ಲಿನ ಡಾಕ್ಟರಮ್ಮ. ಕ್ಲಿನಿಕ್ ಮುಚ್ಚಿ ಆರು ಗಂಟೆಗೆ ಮೇಲೆ ಬರುತ್ತಿದ್ದರು. ಮೊದಲ ದಿನದ ಲೋಟವನ್ನು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, 'ಸಾರ್, ಇದೊಂದು ಬಾಟ್ಲಿ ನಂಗೆ ಕೊಡಿ. ಹಲ್ಲು ಕೀಳೋಕೆ ಮುಂಚೆ ಇಂಜೆಕ್ಷನ್ ಖರ್ಚು ಉಳಿಯತ್ತೆ' ಎಂದರು. ನಿನ್ನ ತಮ್ಮ, 'ಭಾವ, ನಮ್ಮ ಬೈಕಿನ ಚೈನು ಬಿಗಿದುಕೊಂಡಿದೆ, ಎರಡು ಹನಿ ಸಿಗತ್ತಾ?' ಎಂದ.

ಮೂರನೆಯ ಪ್ರಯೋಗದಲ್ಲಿ ನಾನೊಂದು ತಪ್ಪು ಮಾಡಿದೆ. ಬಾಟಲಿಗೆ ಸೋಡಾವನ್ನು ಮೊದಲೇ ಹಾಕಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಗಡಿಯಾರ ನೋಡಿಕೊಂಡು ಇಪ್ಪತ್ತು ಸೆಕೆಂಡು ಕುಲುಕಿದೆ. ಹದಿನಾಲ್ಕನೆಯ ಸೆಕೆಂಡಿಗೆ ಮುಚ್ಚಳ ನನ್ನ ಅಭಿಪ್ರಾಯ ಕೇಳದೆ ಮೇಲಕ್ಕೆ ಹೋಯಿತು. ಅಡುಗೆಮನೆಯ ಸೂರಿನ ಮೇಲೆ ಈಗ ಸುಮಾರು ಒಂದು ಊಟದ ತಟ್ಟೆಯಷ್ಟು ಅಗಲದ ಕೆಂಪು ಗುರುತಿದೆ. ಅದರ ನಟ್ಟನಡುವೆ ಒಂದು ಪುದೀನ ಎಲೆ ಅಂಟಿಕೊಂಡು ಒಣಗಿದೆ. ಡಾಕ್ಟರಮ್ಮ ಕುರ್ಚಿಯ ಕೆಳಗಿಂದ ಎದ್ದು ಬಂದು, 'ಚೆನ್ನಾಗಿದೆ, ಅಳಿಸಬೇಡಿ' ಎಂದರು. ನಾನು ಅಳಿಸಿಲ್ಲ. ನಾನೇಕೆ ಅಳಿಸಿಲ್ಲವೆಂದು ನಿನ್ನ ತಮ್ಮ ಎರಡು ಬಾರಿ ಕೇಳಿದ. ಏಣಿ ಇಲ್ಲ ಎಂದೆ. ಏಣಿ ಇದೆ.

ಮೊದಲ ಐದು ಪ್ರಯೋಗಗಳಲ್ಲಿ, ಸೂರಿಗೆ ಹಾರಿದ್ದೊಂದನ್ನು ಬಿಟ್ಟು, ಉಳಿದವೆಲ್ಲ ಒಂದೇ ರೀತಿ ಕೆಟ್ಟವು. ಹುಳಿ ಮುಂದೆ, ಜಿನ್ನಿನ ಉರಿ ಅದರ ಹಿಂದೆ, ಹಣ್ಣು ಎಲ್ಲೋ ದೂರದಲ್ಲಿ. ಹೋದ ವರ್ಷ ನಮ್ಮ ಹೊಸ ಮೇಲಧಿಕಾರಿಗಳು ಊಟಕ್ಕೆ ಬಂದ ಸಂಜೆ ನಿನ್ನ ಕೈಯಿಂದ ಬಂದ ರುಚಿಯೂ ಇದೇ. ಆ ಸಂಜೆ ನಿನಗೆ ಮರೆತಿರಲಾರದು. ಅವರು ಕೆಮ್ಮಿ, ಕಣ್ಣೊರೆಸಿಕೊಂಡು, 'ಬಹಳ... ಖಡಕ್ ಆಗಿದೆಯಮ್ಮ' ಎಂದರು. ನೀನು ನಿನ್ನ ಲೋಟವನ್ನು ರುಚಿ ನೋಡಿ ಮೇಜಿನ ಮೇಲಿಟ್ಟು, ನಿನ್ನ ಕೈಯನ್ನು ತಿರುಗಿಸಿ ನೋಡಿಕೊಂಡೆ. ಆಮೇಲೆ ಅಕ್ಕನ ಹುಟ್ಟುಹಬ್ಬಕ್ಕೆ ಮಾಡಿದಾಗ ಪಾಕ ಹೆಚ್ಚು ಹಾಕಿ ಸರಿಮಾಡಲು ನೋಡಿದೆ, ಶರಬತ್ತಾಯಿತು. ಅದರ ಮುಂದಿನ ಸಲ ಸೋಡಾ ಹೆಚ್ಚು ಸುರಿದೆ, ನೀರಾಯಿತು. ನಾಲ್ಕನೆಯ ಸಲ ಬಾಟಲಿಯನ್ನೇ ಕೆಳಗಿಳಿಸಲಿಲ್ಲ. 'ನನ್ನ ಕೈ ಹೋಯ್ತು ಕಣ್ರೀ' ಎಂದೆ. ನಾನು ಪತ್ರಿಕೆ ಓದುತ್ತಿದ್ದೆ. ಓದುತ್ತಿದ್ದೆನೆಂದರೆ, ಅದನ್ನು ಕೈಯಲ್ಲಿ ಹಿಡಿದಿದ್ದೆ.

ಇಲ್ಲಿಯವರೆಗೆ ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಒಂದು ವಿಷಯ ಬಿಟ್ಟಿದ್ದೇನೆ. ಅದನ್ನು ಬರೆಯುವ ಮುನ್ನ ಎದ್ದು ಹೋಗಿ ಕಿಟಕಿಯ ಚಿಲಕ ಸರಿಪಡಿಸಿ ಬಂದೆ. ಚಿಲಕಕ್ಕೆ ಏನೂ ಆಗಿರಲಿಲ್ಲ.

ಆ ಬಟ್ಟಲನ್ನು ನಾನು ನಿನಗೆ ಮದುವೆಯಾದ ಎರಡನೆಯ ತಿಂಗಳಲ್ಲಿ ಕೊಟ್ಟೆ. ನಾನು ನಿನಗೆ ಕೊಟ್ಟ ಮೊದಲ ಉಡುಗೊರೆ. ಅಂಗಡಿಯಲ್ಲಿ ಕೊಂಡೆ ಎಂದು ಹೇಳಿದ್ದೆ. ಕೊಂಡದ್ದಲ್ಲ. ಆಗ ನಾನು ಅಳತೆ ಪರೀಕ್ಷಾಲಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಂದು ಮದ್ಯದಂಗಡಿಯಿಂದ ತಪಾಸಣೆಯವರು ಹನ್ನೆರಡು ಪೆಗ್ ಬಟ್ಟಲುಗಳನ್ನು ಹಿಡಿದು ತಂದಿದ್ದರು. ಹೊರಗಿನಿಂದ ನೋಡಿದರೆ ಅಪ್ಪಟ ಮೂವತ್ತು ಮಿಲಿಲೀಟರ್. ಒಳಗೆ ತಳವನ್ನು ಎತ್ತರಿಸಿ ಬೆಸುಗೆ ಹಾಕಿದ್ದರಿಂದ ಹಿಡಿಸುತ್ತಿದ್ದುದು ಇಪ್ಪತ್ತೆರಡೇ. ಗಿರಾಕಿಗೆ ಪ್ರತಿ ಬಟ್ಟಲಿಗೂ ಎಂಟು ಮಿಲಿಲೀಟರ್ ನಾಮ. ನಾನೇ ಪರೀಕ್ಷಿಸಿ, ತಿರಸ್ಕರಿಸಿ, ಪ್ರತಿಯೊಂದರ ತಳಕ್ಕೂ ಕೆಂಪು ಬಣ್ಣದ ಚುಕ್ಕೆಯಿಟ್ಟೆ. ನಿಯಮದ ಪ್ರಕಾರ ಹನ್ನೆರಡನ್ನೂ ಜಜ್ಜಿ ಹಾಕಬೇಕಿತ್ತು. ಹನ್ನೊಂದನ್ನು ಜಜ್ಜಿದೆ. ಹನ್ನೆರಡನೆಯದು ಕೈಯಲ್ಲಿ ಹಿಡಿದಾಗ ಎಷ್ಟು ಅಚ್ಚುಕಟ್ಟಾಗಿ ಕುಳಿತಿತೆಂದರೆ, ನಿನ್ನ ಕೈಯಲ್ಲಿ ಇದು ಹೇಗೆ ಕಾಣುತ್ತದೆ ಎಂದು ಯೋಚಿಸಿ, ಜೇಬಿಗೆ ಹಾಕಿಕೊಂಡೆ. ನನ್ನ ಸೇವಾವಧಿಯಲ್ಲಿ ನಾನು ನಿಯಮ ಮುರಿದದ್ದು ಅದೊಂದೇ ಬಾರಿ. ಆ ಬಟ್ಟಲಿನ ತಳವನ್ನು ನೀನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಿರುಗಿಸಿ ನೋಡಲಿಲ್ಲ. ಕೊಟ್ಟ ವಸ್ತುವಿನ ತಳ ನೋಡುವ ಸ್ವಭಾವ ನಿನ್ನದಲ್ಲ.

ಹೋದ ವರ್ಷ ಮೇಲಧಿಕಾರಿಗಳು ಊಟಕ್ಕೆ ಬರುತ್ತಾರೆಂದಾಗ ನನಗೆ ಆ ಚುಕ್ಕೆ ನೆನಪಾಯಿತು. ಇಲಾಖೆಯ ಕೆಂಪು ಚುಕ್ಕೆಯನ್ನು ಅವರು ಕತ್ತಲಲ್ಲೂ ಗುರುತಿಸಬಲ್ಲರು. ಹಿರಿಯ ಪರೀಕ್ಷಕನ ಮನೆಯಲ್ಲೇ ಕಳ್ಳ ಅಳತೆ! ಅಂದು ಮಧ್ಯಾಹ್ನ ನೀನು ತಲೆ ಒಣಗಿಸಿಕೊಳ್ಳುತ್ತಿದ್ದಾಗ, ಅದೇ ತಯಾರಿಕೆಯ, ಅದೇ ಆಕಾರದ, ಇಲಾಖೆಯ ಮುದ್ರೆಯಿದ್ದ ಸರಿಯಾದ ಬಟ್ಟಲೊಂದನ್ನು ಅದರ ಜಾಗದಲ್ಲಿಟ್ಟು, ಹಳೆಯದನ್ನು ನನ್ನ ಸಲಕರಣೆ ಪೆಟ್ಟಿಗೆಯ ಅಡಿಯಲ್ಲಿ ಬಚ್ಚಿಟ್ಟೆ.

ಎಂದರೆ, ಆ ಸಂಜೆಯಿಂದ ನಿನ್ನ ಬಾಟಲಿಗೆ ಜಿನ್ ಇಪ್ಪತ್ತನಾಲ್ಕು ಮಿಲಿಲೀಟರ್ ಹೆಚ್ಚು ಬೀಳುತ್ತಿತ್ತು, ನಿಂಬೆರಸ ಎಂಟು. ನಿನ್ನ ಕೈ ಹೋಗಿರಲಿಲ್ಲ. ನಿನ್ನ ಬಟ್ಟಲು ಹೋಗಿತ್ತು. ತೆಗೆದವನು ನಾನು.

ಇದು ನನಗೆ ಮೊದಲೇ ಗೊತ್ತಿತ್ತೇ ಎಂದು ನೀನು ಕೇಳುತ್ತೀಯೆ. ಕಳೆದ ಶುಕ್ರವಾರ ಐದನೆಯ ಪ್ರಯೋಗ ಕೆಟ್ಟು, ಸಿಂಕಿನಲ್ಲಿ ಬಟ್ಟಲು ತೊಳೆದು ಬೋರಲು ಹಾಕುವಾಗ ತಳದಲ್ಲಿ ಚುಕ್ಕೆಯಿಲ್ಲದ್ದು ಕಂಡಿತು, ಆಗ ಹೊಳೆಯಿತು ಎಂದು ಬರೆಯಬಹುದು. ಅದು ನಿಜವೂ ಹೌದು. ಸರಿಯಾದ ಅಳತೆಯಿಂದ ಒಂದು ವಸ್ತು ಕೆಡಬಹುದೆಂಬ ಊಹೆಯೇ ನನ್ನ ತಲೆಗೆ ಬರುವಂಥದ್ದಲ್ಲ. ಆದರೆ ಮೇಲಧಿಕಾರಿಗಳು ಕೆಮ್ಮಿದ ಕ್ಷಣದಲ್ಲಿ ಒಂದು ಅನುಮಾನ ಬಂದು ಬಾಗಿಲಲ್ಲಿ ನಿಂತಿತ್ತು. ಸ್ಟ್ರಾಬೆರಿಯೇ ಹುಳಿಯಿರಬೇಕೆಂದು ಹೇಳಿ ಅದನ್ನು ಹಿಂದಕ್ಕೆ ಕಳಿಸಿದೆ. ಒಪ್ಪಿಕೊಂಡರೆ ಬಟ್ಟಲಿನ ಕತೆ ಹೇಳಬೇಕಾಗುತ್ತಿತ್ತು. ಮೊದಲ ಉಡುಗೊರೆ ಕದ್ದದ್ದು, ಅದೂ ಮೋಸದ ಮಾಲು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಆಮೇಲೆ ನಡೆದದ್ದನ್ನು ನಾನು ನೋಡುತ್ತಲೇ ಇದ್ದೆ. ಲೋಟದಲ್ಲಿ ಹುಟ್ಟಿದ ಅನುಮಾನ ಕತ್ತರಿಗೆ ಹತ್ತಿತು. ಗೇಣು ಹಾಕಿ, ಕಣ್ಣು ಕಿರಿದು ಮಾಡಿ, ಸೀಮೆಸುಣ್ಣದಲ್ಲಿ ಒಂದೇ ಗೀಟೆಳೆದು ಕತ್ತರಿಸುತ್ತಿದ್ದವಳು ನನ್ನ ಹತ್ತಿರ ಟೇಪು ಕೇಳಿದೆ. ನನಗೆ ಸಂತೋಷವಾಯಿತು, ಅದನ್ನೂ ಹೇಳಿಬಿಡುತ್ತೇನೆ; ನನ್ನ ಅತ್ಯುತ್ತಮ ಟೇಪನ್ನೇ ಕೊಟ್ಟೆ. ನೀನು ಗೀಟು ಹಾಕಿ, ಟೇಪು ಹಿಡಿದು, ಗೀಟು ಅಳಿಸಿ, ಮತ್ತೆ ಹಾಕಿ, ಮತ್ತೆ ಹಿಡಿದು, ಕೊನೆಗೆ ಯಾವ ಗೀಟು ಯಾವುದೆಂದು ತಿಳಿಯದೆ ಕತ್ತರಿಸಿದೆ. ನಾಟಕದ ರಾಜ ನೆಲ ಗುಡಿಸುವ ನಿಲುವಂಗಿಯ ಬದಲು ಮೊಣಕಾಲು ಕಾಣುವ ಅಂಗಿ ತೊಟ್ಟು ಸಿಂಹಾಸನ ಏರಿದ. ಜನ ನಕ್ಕರು. ನೀನು ಮನೆಗೆ ಬಂದು ನಗುತ್ತಲೇ ಹೇಳಿದೆ. 'ರಾಜ ಅಲ್ಲರೀ, ಈಜೋಕೆ ಹೊರಟೋನ ಥರ ಇದ್ದ' ಎಂದೆ. ಆಮೇಲೆ ಸ್ನಾನದ ಮನೆಯಲ್ಲಿ ನಲ್ಲಿ ಬಹಳ ಹೊತ್ತು ಸುರಿಯಿತು.

ಅದಾದ ಮೇಲೆ ನೀನು, ದಿನಾ ರಂಗಮಂದಿರಕ್ಕೆ ರೈಲಿನ ಓಡಾಟ ಸಾಕಾಗಿದೆ, ವಾರದ ದಿನಗಳಲ್ಲಿ ಅಕ್ಕನ ಮನೆಯಲ್ಲಿ ಉಳಿಯುತ್ತೇನೆ ಎಂದೆ. ಆಮೇಲೆ ಶನಿವಾರ, ಆಮೇಲೆ ಭಾನುವಾರ. ನಾವು ಜಗಳವಾಡಲಿಲ್ಲ. ಆಡಿದ್ದರೆ ರಾಜಿಯಾಗಲು ಒಂದು ವಿಷಯವಾದರೂ ಇರುತ್ತಿತ್ತು.

ಇನ್ನು ಪ್ರಯೋಗದ ವಿಷಯ. ಆರನೆಯ ಬಾರಿ ಹಳೆಯ ಬಟ್ಟಲನ್ನು ಹೊರತೆಗೆದೆ. ರುಚಿ ಹತ್ತಿರ ಬಂತು. ನಿನ್ನ ತಮ್ಮ ಕಣ್ಣರಳಿಸಿ, 'ಭಾವ, ಅಕ್ಕನ ಬೀದಿಗೆ ಬಂದ್ರಿ, ಮನೆ ನಂಬರ್ ಸಿಗ್ತಿಲ್ಲ' ಎಂದ. ಹಣ್ಣು ಹೆಚ್ಚಾಗಿ ಮಂದವಾಗಿತ್ತು. ಕಾರಣ ಸರಳ: ನಾನು ಹಾಕುತ್ತಿದ್ದುದು ನನ್ನ ಹಿಡಿ. ಬೇಕಾಗಿದ್ದುದು ನಿನ್ನ ಹಿಡಿ. ಆ ಸಲಕರಣೆ ಈಗ ಈ ಮನೆಯಲ್ಲಿಲ್ಲ. ಆರು ಪ್ರಯೋಗಗಳನ್ನು ಆ ಒಂದು ಹಿಡಿಯ ಅಂದಾಜಿಗೇ ವ್ಯಯಿಸಿದೆ. ಕೊನೆಗೆ ಒಂದು ವಿಧಾನದಿಂದ ನಿನ್ನ ಹಿಡಿಯ ಗಾತ್ರವನ್ನು ಸಾಕಷ್ಟು ನಿಖರವಾಗಿ ಕಂಡುಹಿಡಿದೆ. ಆ ವಿಧಾನವನ್ನು ಇಲ್ಲಿ ವಿವರಿಸುವುದಿಲ್ಲ. ನಿನ್ನ ತಮ್ಮ ಅದನ್ನು ನೋಡಿ ಅರ್ಧ ಗಂಟೆ ನೆಲದ ಮೇಲೆ ಕುಳಿತು ನಕ್ಕ. ಅವನು ಏನಾದರೂ ಹೇಳಿದರೆ ನಂಬಬೇಡ.

ನಡುವೆ ಭಾನುವಾರ ಬೆಳಿಗ್ಗೆ ಇನ್ನೊಂದು ಕೆಲಸ ಮಾಡಿದೆ. ಮನೆಯಲ್ಲಿರುವ ಪರದೆಗಳನ್ನೆಲ್ಲ ಇಳಿಸಿ ಅಳೆದೆ. ಹನ್ನೊಂದು ಪರದೆಗಳು, ಎಲ್ಲವೂ ನೀನು ಬೇರೆ ಬೇರೆ ವರ್ಷಗಳಲ್ಲಿ ಕಿಟಕಿಯ ಮುಂದೆ ನಿಂತು ಒಮ್ಮೆ ನೋಡಿ, ಮೇಜಿಗೆ ಹೋಗಿ ಕತ್ತರಿಸಿದವು. ಕಿಟಕಿಯ ಎತ್ತರಕ್ಕೂ ಪರದೆಯ ಉದ್ದಕ್ಕೂ ಎಲ್ಲೂ ಎರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿಲ್ಲ. ಮಲಗುವ ಕೋಣೆಯಲ್ಲಿ ಮಾತ್ರ ಐದು ಬಂತು. ಮಟ್ಟಗೋಲು ಇಟ್ಟು ನೋಡಿದೆ. ಕಿಟಕಿಯೇ ಓರೆಯಾಗಿದೆ, ಪರದೆ ನೆಟ್ಟಗಿದೆ. ಇಂಥ ಫಲಿತಾಂಶ ಕೊಡುವ ಉಪಕರಣ ನಮ್ಮ ಪರೀಕ್ಷಾಲಯದಲ್ಲಿದ್ದಿದ್ದರೆ ಅದಕ್ಕೆ ಗಾಜಿನ ಪೆಟ್ಟಿಗೆ ಮಾಡಿಸುತ್ತಿದ್ದೆವು. ಅದನ್ನು ಉಗ್ರಾಣದಲ್ಲಿ ಪೆಟ್ಟಿಗೆ ಎಣಿಸಲು ಕೂರಿಸುತ್ತಿರಲಿಲ್ಲ.

ಸೋಮವಾರ ಬಟ್ಟಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೇಲಧಿಕಾರಿಗಳ ಕೋಣೆಗೆ ಹೋದೆ. ನಿನಗೆ ಹೇಳುವ ಮುನ್ನ ಅವರಿಗೆ ಹೇಳಬೇಕಿತ್ತು. ಇಲ್ಲವಾದರೆ ಅದನ್ನು ಮತ್ತೆ ಕದ್ದು ನಿನಗೆ ಕೊಟ್ಟಂತಾಗುತ್ತಿತ್ತು. ಒಂದು ಪುಟದ ವಿವರಣೆ ಬರೆದು ಮುಂದಿಟ್ಟೆ. ಕೆಲಸಕ್ಕೆ ಕುತ್ತು ಬರಬಹುದೆಂದೂ ಯೋಚಿಸಿದ್ದೆ. ಅವರು ಓದಿದರು, ಕನ್ನಡಕ ತೆಗೆದರು, 'ಇಪ್ಪತ್ತೆರಡು ವರ್ಷದ ಹಿಂದಿಂದು! ಆ ಕಡತ ತಿಂದ ಇಲಿಗೂ ಈಗ ಮೊಮ್ಮಕ್ಕಳಾಗಿರ್ತವೆ ಕಣ್ರೀ' ಎಂದರು. ಆಮೇಲೆ ಮುಂದಕ್ಕೆ ಬಾಗಿ, 'ಅಲ್ರೀ, ಆವತ್ತು ನನ್ನ ಗಂಟಲು ಸುಟ್ಟಿದ್ದು ಯಾವ ಬಟ್ಟಲಿಂದ?' ಎಂದು ಕೇಳಿದರು. 'ಸರಿಯಾದ ಬಟ್ಟಲಿನಿಂದ ಸರ್' ಎಂದೆ. ಅವರು ನಗಲು ಶುರುಮಾಡಿದ್ದು ಪಕ್ಕದ ಕೋಣೆಯವರು ಬಂದು ಇಣುಕುವವರೆಗೂ ನಿಲ್ಲಲಿಲ್ಲ. ನಗು ಮುಗಿದ ಮೇಲೆ, 'ಮನೇಲಿ ಅದ್ರಲ್ಲಿ ಅಳೆದು ಮಾರ್ತೀರೇನ್ರೀ?' ಎಂದರು. ಇಲ್ಲ ಎಂದೆ. 'ಮತ್ತೆ? ನಮ್ಮ ಕಾಯಿದೆ ಮಾರೋರಿಗೆ ಕಣ್ರೀ. ಹೆಂಡತಿಗಲ್ಲ.'

ಇದು ನಮ್ಮ ಕೈಪಿಡಿಯ ಮೊದಲ ಪುಟದಲ್ಲೇ ಇದೆ. ವ್ಯಾಪಾರಕ್ಕಲ್ಲದ ಅಳತೆಗೆ ಮುದ್ರೆ ಬೇಕಿಲ್ಲ. ನಾನು ಹೊಸಬರಿಗೆ ಪಾಠ ಮಾಡುವಾಗ ಅದನ್ನು ಎಷ್ಟು ಬಾರಿ ಓದಿ ಹೇಳಿದ್ದೇನೋ! ಮನೆಗೆ ಬರುವಾಗ ಪ್ರತಿ ಸಂಜೆಯೂ ಆ ಪುಟವನ್ನು ಕಚೇರಿಯಲ್ಲೇ ಬಿಟ್ಟು ಬಂದಿದ್ದೇನೆ.

ಆದರೂ ನಿಯಮ ನಿಯಮವೇ, ತಿರಸ್ಕರಿಸಿದ ಬಟ್ಟಲನ್ನು ಜಜ್ಜಲೇಬೇಕು ಎಂದು ಅವರು ಮೇಜಿನ ಮೇಲಿದ್ದ ಹಿತ್ತಾಳೆಯ ತೂಕದ ಬಟ್ಟು ಎತ್ತಿಕೊಂಡರು. ನಾನು ಬೇರೆ ಕಡೆ ನೋಡಿದೆ. ಬಟ್ಟಲನ್ನು ಬೋರಲು ಹಾಕಿ ಹೊರತಳದ ಮೇಲೆ, ಬಾಗಿಲು ತಟ್ಟುವಷ್ಟು ಮೆಲ್ಲಗೆ, ಒಂದೇ ಏಟು ಹಾಕಿದರು. 'ಜಜ್ಜಿದ್ದಾಯ್ತು. ತಗೊಂಡ್ಹೋಗಿ' ಎಂದರು. ಕೆಂಪು ಚುಕ್ಕೆಯ ಪಕ್ಕದಲ್ಲಿ ಸಣ್ಣ ತಗ್ಗು ಬಿದ್ದಿದೆ. ಒಳತಳ ಬೇರೆಯೇ ಇರುವುದರಿಂದ ಅಳತೆಗೆ ಬಾಧೆಯಿಲ್ಲ. ಮೂರು ಬಾರಿ ಪರೀಕ್ಷಿಸಿದೆ. ಇಪ್ಪತ್ತೆರಡೇ.

ನಿನ್ನೆ ಸಂಜೆ ಹದಿಮೂರನೆಯ ಪ್ರಯೋಗ. ಡಾಕ್ಟರಮ್ಮ ಒಂದು ಗುಟುಕು ಕುಡಿದು ತಮಾಷೆ ಮಾಡಲು ಬಾಯಿ ತೆರೆದವರು ಹಾಗೆಯೇ ಮುಚ್ಚಿ ಎರಡನೆಯ ಗುಟುಕು ಕುಡಿದರು. ಲೋಟ ಖಾಲಿಯಾದ ಮೇಲೆ ಅದನ್ನು ನನ್ನ ಕಡೆ ಸರಿಸಿ, 'ನಾನು ಕುಡಿದಿಲ್ಲ ಅಂದ್ಕೊಳ್ಳಿ' ಎಂದರು. ನಿನ್ನ ತಮ್ಮ ಲೋಟವನ್ನು ತಳದವರೆಗೂ ಬರಿದು ಮಾಡಿದ. ಆಮೇಲೆ, 'ಭಾವ, ಇದು ಅಕ್ಕನದೇ' ಎಂದ. ನಾನು ಸಿಂಕಿನ ಕಡೆ ತಿರುಗಿ ಬಾಟಲಿ ತೊಳೆದೆ. ಅದು ಆಗಲೇ ತೊಳೆದದ್ದಾಗಿತ್ತು.

ಈಗ ನೀನು ಕೇಳಿದ ಉತ್ತರ. ಒಂದು ಬಾಟಲಿಗೆ, ಎಂದರೆ ಎರಡು ಲೋಟಕ್ಕೆ: ಸ್ಟ್ರಾಬೆರಿ ನಿನ್ನ ಒಂದು ಹಿಡಿ. ಗ್ರಾಮಿನಲ್ಲಿ ಎಷ್ಟೆಂದು ನನಗೆ ಗೊತ್ತಿದೆ, ಬರೆಯುವುದಿಲ್ಲ; ಬರೆದರೆ ನೀನು ತೂಗಲು ಹೋಗುತ್ತೀಯೆ. ಪಾಕ ಮೂರು ಚಮಚ, ಪುದೀನ ಕಂಡಷ್ಟು. ನಿಂಬೆರಸ ಈ ಬಟ್ಟಲಿನಲ್ಲಿ ಒಂದು, ಜಿನ್ ಈ ಬಟ್ಟಲಿನಲ್ಲಿ ಮೂರು, ಅಂಚಿನವರೆಗೆ. ಕುಲುಕುವುದು ನಿನಗೆ ಸಾಕೆನ್ನಿಸುವವರೆಗೆ. ಸೋಡಾ ಆಮೇಲೆ. ದಯವಿಟ್ಟು ಆಮೇಲೆ.

ಬಟ್ಟಲನ್ನು ಬೇರೆ ಪೊಟ್ಟಣದಲ್ಲಿ ಕಳಿಸುತ್ತಿದ್ದೇನೆ; ಶುಕ್ರವಾರ ತಲುಪುತ್ತದೆ. ನನ್ನದೊಂದು ವಿನಂತಿ ಇದೆ. ಶನಿವಾರ ಬೀಳ್ಕೊಡುಗೆಯ ಭಾಷಣಗಳಿಗೆ ಮುಂಚೆ ಮೊದಲ ಬಾಟಲಿಯನ್ನು ಮಾಡು. ಟೇಪು, ಚೀಟಿ, ಈ ಪತ್ರ, ಯಾವುದೂ ಹತ್ತಿರವಿರಬಾರದು. ಕುಡಿದು ನೋಡು. ರುಚಿ ತಪ್ಪಿದ್ದರೆ ಸೋಮವಾರ ಉಗ್ರಾಣಕ್ಕೆ ಹೋಗು, ನಾನು ಮಾತಾಡುವುದಿಲ್ಲ. ಸರಿಬಂದರೆ, ನಿನ್ನ ಕೈ ಒಂದು ದಿನವೂ ತಪ್ಪಿರಲಿಲ್ಲ ಎಂಬುದು ಸಿದ್ಧವಾದಂತೆ. ಆಗ ಬೀಳ್ಕೊಡಲು ಬಂದವರಿಗೆಲ್ಲ ಒಂದೊಂದು ಲೋಟ ಕೊಟ್ಟು, ರಾಜನಿಗೆ ಇನ್ನೊಂದು ನಿಲುವಂಗಿಯ ಬಟ್ಟೆ ತರಿಸು. ಈ ಬಾರಿ ಒಂದೇ ಗೀಟು.

ನನ್ನ ಟೇಪನ್ನು ವಾಪಸು ಕೊಡಬೇಕಾಗಿಲ್ಲ; ಮೇಜಿನ ಓಲಾಟಕ್ಕೆ ಕಾಲಡಿ ಇಡಲು ಅದು ಸರಿಯಾದ ದಪ್ಪವಿದೆ.

ಅಕ್ಕನಿಗೆ ನನ್ನ ನಮಸ್ಕಾರ. ನನ್ನ ತಪ್ಪಿನ ಬಗ್ಗೆ ಮೇಲೆ ಬರೆದಷ್ಟು ಸಾಕೋ ಕಡಿಮೆಯೋ ತಿಳಿಯದು. ಕಡಿಮೆಯಾಗಿದ್ದರೆ ನೀನು ತುಂಬಿಸಿಕೊಂಡು ಓದು.

ಇಂತು,
ನಿನ್ನ ಮಿಲಿಮೀಟರ್

ಮರೆತ ಮಾತು: ಇದನ್ನು ಗುರುವಾರ ಬೆಳಿಗ್ಗೆ ಅಂಚೆ ಕಚೇರಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮೇಲಿನ ಪತ್ರಕ್ಕೆ ಎರಡು ತಿದ್ದುಪಡಿಗಳಿವೆ. ಪೊಟ್ಟಣ ಕೊಡಲು ಹೋದಾಗ ಕೌಂಟರಿನಾಕೆ, 'ಒಳಗೇನಿದೆ ಸಾರ್? ಒಡೆಯೋ ಸಾಮಾನಾ?' ಎಂದು ಕೇಳಿದಳು. ಸ್ಟೀಲಿನ ಬಟ್ಟಲು ಒಡೆಯುವುದಿಲ್ಲ. ಆದರೂ ಹೌದು ಎಂದೆ. 'ಹಂಗಾದ್ರೆ ನೀವೇ ತಗೊಂಡ್ಹೋಗಿ ಕೊಡೋದು ವಾಸಿ' ಎಂದಳು. ಆದ್ದರಿಂದ ಬಟ್ಟಲು ಶುಕ್ರವಾರ ಬರುವುದಿಲ್ಲ. ಶನಿವಾರ ಮಧ್ಯಾಹ್ನ ಮೂರೂಕಾಲರ ರೈಲಿನಲ್ಲಿ ಬರುತ್ತದೆ. ಉಡುಪಿನ ಕೋಣೆಯ ಹಿಂಬಾಗಿಲಲ್ಲಿ ನಿಂತಿರುತ್ತೇನೆ. ಬಟ್ಟಲು ಮಾತ್ರ ತೆಗೆದುಕೊಂಡು ಬಾಗಿಲು ಮುಚ್ಚಿದರೂ ಅದು ನ್ಯಾಯವೇ.

ಎರಡನೆಯದು, ಹಿಡಿಯ ಗಾತ್ರ ಕಂಡುಹಿಡಿದ ವಿಧಾನ. ನೀನು ಚಳಿಗಾಲದ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಉಣ್ಣೆಯ ಕೈಗವಸುಗಳಲ್ಲಿ ಎಡಗೈಯದರ ಅಂಗೈಗೆ ಸ್ಟ್ರಾಬೆರಿ ತುಂಬಿ, ಬೆರಳುಗಳನ್ನು ಮಡಚಿ ನೋಡಿದೆ. ಜೋಡಿಯನ್ನೂ ತರುತ್ತಿದ್ದೇನೆ. ಬಲಗೈಯದು ಮೊದಲಿನಂತೆಯೇ ಬೂದು ಬಣ್ಣದ್ದಿದೆ.